‘ಮುಂಗುಸಿ’ ಎಂಬ ಹೆಸರಿನ ದೇಶಸಂಚಾರ

ಶಬ್ದಗಳೂ ಮನುಷ್ಯರಂತೆಯೇ ಪ್ರವಾಸ ಮಾಡುವವು. ಕೆಲವು ಶಬ್ದಗಳು ರಾಜರ ಶಾಸನಗಳೊಡನೆ ಹೋಗುವವು. ಕೆಲವು ಧರ್ಮಗ್ರಂಥಗಳೊಡನೆ ಹೋಗುವವು. ಇನ್ನು ಕೆಲವು ವರ್ತಕರ ಮೂಟೆಗಳಲ್ಲಿಯೂ ನಾವಿಕರ ನಾಲಗೆಗಳಲ್ಲಿಯೂ ಅಡಗಿಕೊಂಡು, ಯಾರ ಅಪ್ಪಣೆಯನ್ನೂ ಬೇಡದೆ, ಸಮುದ್ರಗಳನ್ನು ದಾಟುವವು. ಮೊದಲಿನ ಎರಡು ಬಗೆಯ ಶಬ್ದಗಳನ್ನು ಕುರಿತು ನಮ್ಮ ವಿದ್ವಾಂಸರು ಬಹಳ ವಿಚಾರ ಮಾಡಿರುವರು. ಮೂರನೆಯ ಬಗೆಯ ಶಬ್ದಗಳಿಗೆ ಅಷ್ಟು ಆದರ ದೊರೆತಿಲ್ಲ. ಕೋಶದಲ್ಲಿ ಕುಳಿತ ಶಬ್ದಕ್ಕೆ ಪೀಠ, ಹೊಲದ ಬದುವಿನಲ್ಲಿ ಹುಟ್ಟಿದ ಶಬ್ದಕ್ಕೆ ನೆಲ ಎಂಬ ಭಾವನೆಯು ಪಾಠಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿರುವದೇ ಇದಕ್ಕೆ ಕಾರಣವು. ಈ ಭಾವನೆಯು ಎಷ್ಟರಮಟ್ಟಿಗೆ ಯುಕ್ತವೆಂಬದನ್ನು ಪರೀಕ್ಷಿಸುವದಕ್ಕೆ ಒಂದು ಸಣ್ಣ ಪ್ರಾಣಿಯ ಹೆಸರೇ ಸಾಕು. ಆ ಪ್ರಾಣಿಯು ಮುಂಗುಸಿ.

ಮುಂಗುಸಿಯನ್ನು ಕಾಣದ ಹಳ್ಳಿಗರಿಲ್ಲ. ಬೂದಿಬಣ್ಣದ ಒರಟು ಕೂದಲು, ಚೂಪಾದ ಮೋರೆ, ಮೈಯಷ್ಟೇ ಉದ್ದವಾದ ಬಾಲ, ಕೆಂಪು ಛಾಯೆಯ ಕಣ್ಣು. ಬೇಲಿಯ ಮರೆಯಿಂದ ಹೊರಟು ದಾರಿಯನ್ನು ಬಾಣದಂತೆ ದಾಟಿ, ಆಚೆಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗಿ ನೋಡಿ ಮರೆಯಾಗುವದು. ಪಯಣದಲ್ಲಿ ಇದರ ದರ್ಶನವಾದರೆ ಶುಭವೆಂದು ನಮ್ಮ ಜನರು ನಂಬುವರು. ಇದಕ್ಕೂ ಹಾವಿಗೂ ಇರುವ ವೈರವಂತೂ ಗಾದೆಯ ಮಾತಾಗಿದೆ. ಇಂಥ ಅತಿಪರಿಚಿತವಾದ ಪ್ರಾಣಿಗೆ ನಮ್ಮ ಹೊಲಗಳಲ್ಲಿ ಕರೆಯುವ ಹೆಸರೇ ಇಂದು ಲಂಡನ್ನಿನಲ್ಲಿಯೂ ಪ್ಯಾರಿಸಿನಲ್ಲಿಯೂ ಮಾಸ್ಕೋದಲ್ಲಿಯೂ ಟೋಕಿಯೋದಲ್ಲಿಯೂ ಅಲ್ಪಸ್ವಲ್ಪ ರೂಪಭೇದದಿಂದ ನಡೆಯುತ್ತಿದೆ ಎಂದರೆ ವಾಚಕರು ಆಶ್ಚರ್ಯಪಡಬಹುದು. ಆದರೆ ಇದು ನಿಜವು. ಸಂಸ್ಕೃತದ ಪ್ರೌಢವಾದ ಹೆಸರು ಮನೆಯಲ್ಲಿಯೇ ಉಳಿಯಿತು. ದಖ್ಖನದ ರೈತನ ಹೆಸರು ಲೋಕವನ್ನು ಸುತ್ತಿತು. ಇದು ಹೇಗಾಯಿತೆಂಬದನ್ನು ಕ್ರಮವಾಗಿ ನೋಡೋಣ.

ಮೊದಲು ಸಂಸ್ಕೃತದ ಹೆಸರುಗಳನ್ನು ವಿಚಾರಿಸಬೇಕು. ಅವುಗಳಲ್ಲಿ ಮುಖ್ಯವಾದದ್ದು ‘ನಕುಲ’. ಅಥರ್ವವೇದದಲ್ಲಿಯೇ ಈ ಶಬ್ದವು ಬಂದಿದೆ. ಆರನೆಯ ಕಾಂಡದ ಒಂದು ಸೂಕ್ತದಲ್ಲಿ, ನಕುಲವು ಹಾವನ್ನು ತುಂಡರಿಸಿ ಮತ್ತೆ ಜೋಡಿಸುವದೆಂಬ ವಿಚಿತ್ರವಾದ ನಂಬಿಕೆಯನ್ನು ಉಪಮಾನವಾಗಿ ಹೇಳಿದೆ. ಎಂಟನೆಯ ಕಾಂಡದ ಓಷಧಿಸೂಕ್ತದಲ್ಲಿ, ವರಾಹವು ಬಳ್ಳಿಯನ್ನು ಬಲ್ಲದು, ನಕುಲವು ಔಷಧಿಯನ್ನು ಬಲ್ಲದು ಎಂಬ ಅಭಿಪ್ರಾಯವಿದೆ. ಈ ಎರಡನೆಯ ಮಾತನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಮುಂದೆ ಇದರ ಪ್ರಯೋಜನವು ಬೀಳುವದು. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ನಿಷೇಧಾರ್ಥದ ನಕಾರವು ಲೋಪವಾಗದೆ ಪ್ರಕೃತಿಯಲ್ಲಿಯೇ ನಿಲ್ಲುವ ಶಬ್ದಗಳನ್ನು ಒಂದು ಸೂತ್ರದಲ್ಲಿ ಎಣಿಸಿರುವನು. ನಾಸತ್ಯ, ನಮುಚಿ, ನಪುಂಸಕ, ನಕ್ಷತ್ರ ಮೊದಲಾದವುಗಳೊಡನೆ ನಕುಲವೂ ಅಲ್ಲಿ ಸೇರಿದೆ. ಇದರಂತೆ ‘ಯಾವದಕ್ಕೆ ಕುಲವಿಲ್ಲವೋ ಅದು ನಕುಲ’ ಎಂದು ಅರ್ಥವಾಗುವದು. ಶಾಶ್ವತವಾದ ವಿರೋಧವುಳ್ಳ ಪ್ರಾಣಿಗಳ ಹೆಸರುಗಳು ದ್ವಂದ್ವಸಮಾಸದಲ್ಲಿ ಏಕವಚನವನ್ನು ಹೊಂದುವವೆಂದು ಅವನು ಬೇರೊಂದು ಕಡೆಯಲ್ಲಿ ಹೇಳಿರುವನು; ಅದಕ್ಕೆ ವೃತ್ತಿಕಾರರು ಕೊಡುವ ಪ್ರಸಿದ್ಧವಾದ ಉದಾಹರಣೆಯು ‘ಅಹಿನಕುಲಂ’. ವೈಯಾಕರಣರ ಮನಸ್ಸಿನಲ್ಲಿಯೂ ಈ ಪ್ರಾಣಿಯು ಹಾವಿನಿಂದ ಅಗಲಿಲ್ಲ. ಪಾಂಡವರಲ್ಲಿ ನಾಲ್ಕನೆಯವನಿಗೂ ಇದೇ ಹೆಸರು. ಅಶ್ವಮೇಧಪರ್ವದಲ್ಲಿ ಧರ್ಮರಾಜನ ಯಜ್ಞವನ್ನು ಹೀಗಳೆಯಲು ಬರುವ ಅರ್ಧಸುವರ್ಣದೇಹದ ಜೀವವೂ ನಕುಲವೇ.

ಎರಡನೆಯ ಹೆಸರು ‘ಬಭ್ರು’. ಇದಕ್ಕೆ ಮೊದಲ ಅರ್ಥವು ಕಪಿಲವರ್ಣ, ಅಂದರೆ ಕಂದುಬಣ್ಣ. ಬಣ್ಣದಿಂದ ಪ್ರಾಣಿಗೆ ಹೆಸರಾಯಿತು. ಈ ಶಬ್ದದ ಬಂಧುಗಳು ಬಹುದೂರದಲ್ಲಿರುವವು. ಲ್ಯಾಟಿನ್ನಿನ ‘ಫೀಬರ್’, ಜರ್ಮನ್ ಭಾಷೆಯ ‘ಬೀಬರ್’, ಇಂಗ್ಲಿಷಿನ ‘ಬೀವರ್’ ಇವೆಲ್ಲವೂ ಇದರ ಸಹೋದರಗಳು. ಆದರೆ ಅಲ್ಲಿ ಇವು ಮುಂಗುಸಿಯನ್ನು ಸೂಚಿಸುವದಿಲ್ಲ. ಹೊಳೆಗಳಿಗೆ ಮರದ ಒಡ್ಡು ಕಟ್ಟಿ ಬಾಳುವ ಬೇರೊಂದು ಪ್ರಾಣಿಯನ್ನು ಸೂಚಿಸುವವು. ಮೂಲಪುರುಷರು ಒಬ್ಬರೇ ಆಗಿದ್ದು ಮಕ್ಕಳು ಬೇರೆ ಬೇರೆ ದೇಶಗಳಿಗೆ ಚದರಿದಾಗ, ಕಂದುಬಣ್ಣವೆಂಬ ಅರ್ಥದ ಹೆಸರನ್ನು ಒಬ್ಬರು ಹೊಳೆಯ ಪ್ರಾಣಿಗೆ ಇಟ್ಟರು, ಇನ್ನೊಬ್ಬರು ಹೊಲದ ಪ್ರಾಣಿಗೆ ಇಟ್ಟರು. ಇದು ಪ್ರವಾಸ ಮಾಡಿದ ಶಬ್ದವಲ್ಲ, ಪಿತ್ರಾರ್ಜಿತವಾಗಿ ಹಂಚಿಹೋದ ಶಬ್ದವು. ಈ ಎರಡು ಬಗೆಗಳ ಭೇದವನ್ನು ಶಬ್ದಚರಿತ್ರೆಯಲ್ಲಿ ಎಂದೂ ಮರೆಯಬಾರದು.

ಇನ್ನು ದೇಶಭಾಷೆಗಳಿಗೆ ಬರೋಣ. ಉತ್ತರದೇಶದಲ್ಲಿ ನಕುಲಶಬ್ದವೇ ಪ್ರಾಕೃತದಲ್ಲಿ ಸವೆದು ‘ನಉಲ’ ಎಂದಾಗಿ, ಹಿಂದಿಯಲ್ಲಿ ‘ನೇವಲಾ’ ಎಂಬ ರೂಪವನ್ನು ಪಡೆಯಿತು. ತೆಂಕಣದ ತಮಿಳು ಮಲೆಯಾಳಗಳಲ್ಲಿ ‘ಕೀರಿ’ ಎಂದು ಕರೆಯುವರು. ತಮಿಳರು ಮುದ್ದಿನಿಂದ ‘ಪಿಳ್ಳೈ’ ಎಂಬದನ್ನು ಸೇರಿಸಿ ‘ಕೀರಿಪ್ಪಿಳ್ಳೈ’ ಎನ್ನುವರು. ಈ ಎರಡರ ನಡುವಣ ದಖ್ಖನದಲ್ಲಿ ಮಾತ್ರ ಬೇರೊಂದು ಹೆಸರು ನಡೆಯುತ್ತದೆ. ಕನ್ನಡದಲ್ಲಿ ಮುಂಗುಸಿ, ಮುಂಗಿಸಿ, ಮುಂಗುಲಿ, ಮುಂಗುರಿ ಎಂಬ ರೂಪಗಳಿರುವವು. ತೆಲುಗಿನಲ್ಲಿ ‘ಮುಂಗಿಸ’, ಮರಾಠಿಯಲ್ಲಿಯೂ ಕೊಂಕಣಿಯಲ್ಲಿಯೂ ‘ಮುಂಗೂಸ್’. ತಮಿಳಿನಲ್ಲಿ ಸಹ ಕೀರಿಯ ಪಕ್ಕದಲ್ಲಿ ‘ಮೂಂಗಾ’ ಎಂಬ ಹಳೆಯ ಶಬ್ದವೊಂದು ಉಳಿದಿದೆ. ಪ್ರಾಕೃತಕೋಶಗಳಲ್ಲಿ ‘ಮಂಗುಸ’, ‘ಮುಗ್ಗಸ’ ಎಂಬ ಶಬ್ದಗಳು ಇದೇ ಅರ್ಥದಲ್ಲಿ ದೊರೆಯುವವು.

ಈ ಹೆಸರಿನ ಮೂಲವಾವದು? ಕೆಲವರು ಇದನ್ನು ಸಂಸ್ಕೃತದ ‘ಮಕ್ಷು’, ಅಂದರೆ ಶೀಘ್ರವಾಗಿ ಎಂಬ ಅವ್ಯಯದಿಂದ ಸಾಧಿಸಲು ನೋಡಿದರು. ಓಡುವ ಪ್ರಾಣಿಗೆ ಅರ್ಥವು ಒಪ್ಪುವದು ನಿಜ. ಆದರೆ ಅರ್ಥವು ಒಪ್ಪಿದ ಮಾತ್ರಕ್ಕೆ ಶಬ್ದವು ಹುಟ್ಟುವದಿಲ್ಲ. ಕನ್ನಡಿಗರು ‘ಮುನ್’ ಮತ್ತು ‘ಕುಸಿ’ ಎಂದು ಬಿಡಿಸಿ, ಮುಂದಕ್ಕೆ ಕುಸಿದು ನಡೆಯುವದು ಮುಂಗುಸಿ ಎಂದು ಹೇಳಬಹುದು. ಇದೂ ಕಿವಿಗೆ ಇಂಪಾದ ವ್ಯುತ್ಪತ್ತಿಯೇ. ಆದರೆ ಇದನ್ನು ಒಪ್ಪಿದರೆ ಮುಂಗುಲಿ, ಮುಂಗುರಿಗಳ ಗತಿಯೇನು? ತಮಿಳಿನ ಮೂಂಗಾ ಎಂಬಲ್ಲಿ ಕುಸಿಯುವದು ಎಲ್ಲಿದೆ? ಒಂದು ಭಾಷೆಯ ಒಂದು ರೂಪಕ್ಕೆ ಮಾತ್ರ ಹೊಂದುವ ವ್ಯುತ್ಪತ್ತಿಯು ವ್ಯುತ್ಪತ್ತಿಯಲ್ಲ, ಅದು ವಿನೋದವು. ರೂಪಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ‘ಮುಂಗ್’ ಎಂಬ ಭಾಗವು ಎಲ್ಲದರಲ್ಲಿಯೂ ಸಮಾನವಾಗಿದ್ದು, ಕೊನೆಯ ಪ್ರತ್ಯಯಗಳು ಮಾತ್ರ ದೇಶಭೇದದಿಂದ ವ್ಯತ್ಯಾಸಗೊಂಡಿರುವದು ಕಾಣಬರುವದು. ದಕ್ಷಿಣದ ಭಾಷೆಗಳಲ್ಲಿ ಇಷ್ಟು ರೂಪಗಳು ಹರಡಿರುವದರಿಂದಲೂ, ಸಂಸ್ಕೃತದ ವೈದಿಕ ಕಾವ್ಯಗ್ರಂಥಗಳಲ್ಲಿ ನಕುಲ ಬಭ್ರುಗಳಿಗೇ ಪ್ರಾಧಾನ್ಯವಿರುವದರಿಂದಲೂ ಇದು ದ್ರಾವಿಡ ಮೂಲದ ದೇಶ್ಯಶಬ್ದವೆಂದು ಹೇಳುವದೇ ಯುಕ್ತವಾಗಿದೆ. ೧೯೬೧ರಲ್ಲಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿಯೂ ಇದಕ್ಕೆ ಸ್ಥಾನವು ದೊರೆತಿದೆ. ಮರಾಠಿಯು ಸಂಸ್ಕೃತದ ವಂಶದ್ದಾದರೂ ನೆರೆಯವರಾದ ಕನ್ನಡ ತೆಲುಗರಿಂದ ಈ ಹೆಸರನ್ನು ಪಡೆಯಿತು. ನೆರೆಹೊರೆಯಲ್ಲಿ ಬೆಂಕಿ ನೀರುಗಳು ನಡೆಯುವಂತೆ ಶಬ್ದಗಳೂ ನಡೆಯುವವು.

ಹೀಗೆ ನಮ್ಮ ದೇಶದಲ್ಲಿ ಮೂರು ಹೆಸರುಗಳು ಮೂರು ಪ್ರಾಂತಗಳನ್ನು ಹಂಚಿಕೊಂಡಿದ್ದವು. ಇವುಗಳಲ್ಲಿ ಪರದೇಶಕ್ಕೆ ಹೋಗುವ ಯೋಗವು ಯಾವದಕ್ಕೆ ಬಂತೆಂಬದನ್ನು ತಿಳಿಯುವ ಮೊದಲು, ಆ ಪರದೇಶಗಳಲ್ಲಿ ಈ ಪ್ರಾಣಿಯ ಪರಿಚಯವು ಮೊದಲೇ ಇತ್ತೋ ಎಂಬದನ್ನು ವಿಚಾರಿಸುವದು ಅವಶ್ಯವು. ಇದ್ದಿತು. ಈಜಿಪ್ತ ದೇಶದ ಮುಂಗುಸಿಯನ್ನು ಗ್ರೀಕರು ‘ಇಕ್ನ್ಯೂಮೋನ್’ ಎಂದು ಕರೆದರು. ಜಾಡು ಹಿಡಿಯುವದು ಎಂದು ಆ ಶಬ್ದದ ಅರ್ಥವು. ಕ್ರಿಸ್ತಪೂರ್ವ ಐದನೆಯ ಶತಮಾನದ ಇತಿಹಾಸಕಾರನಾದ ಹೆರೊಡೊಟಸನು, ಈಜಿಪ್ತದ ಜನರು ಸತ್ತ ಮುಂಗುಸಿಗಳನ್ನು ಪವಿತ್ರವೆಂದು ಭಾವಿಸಿ ಸಮಾಧಿ ಮಾಡುತ್ತಿದ್ದರೆಂದು ಬರೆದಿರುವನು. ಅದು ಮೈಗೆ ಕೆಸರನ್ನು ಬಳಿದುಕೊಂಡು ಕವಚದಂತೆ ಮಾಡಿಕೊಂಡು ಹಾವಿನೊಡನೆ ಹೋರಾಡುವದೆಂಬ ಕಥೆಯನ್ನು ಅರಿಸ್ಟಾಟಲನ ಪ್ರಾಣಿಗ್ರಂಥದಲ್ಲಿ ಕಾಣಬಹುದು. ಮಧ್ಯಯುಗದ ಯುರೋಪಿನಲ್ಲಿ ಇದಕ್ಕೆ ‘ಫೆರೋನ ಇಲಿ’ ಎಂಬ ಹೆಸರು ಬಂತು. ತುರ್ಕಿ ಭಾಷೆಯಲ್ಲಿ ಇಂದಿಗೂ ಅದೇ ಅರ್ಥದ ಹೆಸರು ಇದೆ. ಆದ್ದರಿಂದ ಯುರೋಪಿನವರು ಭಾರತಕ್ಕೆ ಬಂದಾಗ ಅವರಿಗೆ ಹೊಸ ಹೆಸರಿನ ಕೊರತೆಯಿದ್ದಿಲ್ಲ. ಪಂಡಿತರ ಪುಸ್ತಕದಲ್ಲಿ ಗ್ರೀಕ್ ಹೆಸರು ಸಿದ್ಧವಾಗಿತ್ತು. ಆದಾಗ್ಯೂ ಅದು ಸೋತು, ನಮ್ಮ ದೇಶ್ಯಶಬ್ದವು ಗೆದ್ದಿತು. ಈ ಗೆಲವಿನ ರೀತಿಯೇ ನಮ್ಮ ವಿಷಯದ ಸಾರವು.

ಪೋರ್ತುಗೀಜರು ಗೋವೆಯಲ್ಲಿ ನೆಲೆಯೂರಿದ ಮೇಲೆ, ಗಾರ್ಸಿಯಾ ದ ಓರ್ತಾ ಎಂಬ ವೈದ್ಯನು ಭಾರತದ ಔಷಧಿಗಳನ್ನು ಕುರಿತು ಒಂದು ಸಂವಾದರೂಪದ ಗ್ರಂಥವನ್ನು ರಚಿಸಿ, ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚುಹಾಕಿಸಿದನು. ಸಿಂಹಳದ್ವೀಪದಲ್ಲಿ ಹಾವಿನ ವಿಷಕ್ಕೆ ಉಪಯೋಗಿಸುವ ಒಂದು ಮರವನ್ನು ವರ್ಣಿಸುತ್ತ, ಹಾವಿನೊಡನೆ ಕಾದಾಡುವ ಪ್ರಾಣಿಯನ್ನು ಅವನು ‘ಕ್ವಿಲ್’ ಅಥವಾ ‘ಕ್ವಿರ್ಪೆಲೆ’ ಎಂದು ಕರೆದಿರುವನು. ಇದು ತಮಿಳಿನ ಕೀರಿ, ಕೀರಿಪ್ಪಿಳ್ಳೈಗಳ ಅಪಭ್ರಂಶವೆಂಬದು ಸ್ಪಷ್ಟವು. ಅಂದರೆ ಯುರೋಪಿಗೆ ಹೋಗುವ ಹಡಗನ್ನು ಮೊದಲು ಏರಿದ್ದು ತೆಂಕಣ ಹೆಸರೇ. ಆದರೆ ಅದು ಕೆಲವು ಪುಸ್ತಕಗಳಲ್ಲಿ ಕಾಣಿಸಿಕೊಂಡು ಅಲ್ಲಿಯೇ ಒಣಗಿಹೋಯಿತು. ಮುಂದಿನ ಶತಮಾನದಲ್ಲಿ ದಖ್ಖನದ ಹೆಸರು ಬಳಕೆಗೆ ಬಂತು. ಜಾನ್ ಫ್ರಾಯರ್ ಎಂಬ ಆಂಗ್ಲ ವೈದ್ಯನು ೧೬೭೨ರಿಂದ ಹತ್ತು ವರ್ಷಗಳ ಪರ್ಯಂತ ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಪಾರಸಿಕ ದೇಶದಲ್ಲಿಯೂ ಸಂಚರಿಸಿದನು. ಅವನು ಕಾರವಾರ ಗೋಕರ್ಣಗಳನ್ನೂ ಕಂಡವನು. ೧೬೯೮ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಲ್ಲಿ ಈ ಪ್ರಾಣಿಯು ‘ಮಂಗೂಸ್’ ಎಂಬ ಹೆಸರಿನಿಂದಲೇ ಬಂದಿದೆ. ಸಿಂಹಳವನ್ನು ಕುರಿತು ೧೬೮೫ರಲ್ಲಿ ಬರೆದ ಪೋರ್ತುಗೀಜ ಸೈನಿಕನಾದ ರಿಬೇರೋ ಎಂಬವನೂ ‘ಮಂಗುಸ್’ ಎಂಬ ರೂಪವನ್ನೇ ಬಳಸಿದನು. ಅದೇ ದ್ವೀಪದಲ್ಲಿ ಬಹುವರ್ಷ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಎಂಬ ಆಂಗ್ಲನು ತನ್ನ ೧೬೮೧ರ ಗ್ರಂಥದಲ್ಲಿ ‘ಮೌಂಗುಟಿಯಾ’ ಎಂದು ಬರೆದನು. ಅದು ಸಿಂಹಳ ಭಾಷೆಯ ‘ಮುಗಟಿಯಾ’ ಎಂಬ ಹೆಸರು.

ಇದರ ಕಾರಣವನ್ನು ಊಹಿಸುವದು ಕಠಿಣವಲ್ಲ. ಗೋವೆ, ಚೌಲ, ಮುಂಬಯಿ, ಕಾರವಾರ ಮೊದಲಾದ ಬಂದರಗಳ ಹಿಂದೆ ಹಬ್ಬಿದ ನಾಡು ಕೊಂಕಣಿ ಮರಾಠಿ ಕನ್ನಡಗಳ ನಾಡು. ಹೊರದೇಶದಿಂದ ಬಂದ ವರ್ತಕನು ವ್ಯಾಕರಣಶಾಲೆಗೆ ಹೋಗಿ ಪ್ರಾಣಿಗಳ ಹೆಸರನ್ನು ಕಲಿಯುವದಿಲ್ಲ. ಅವನ ಉಗ್ರಾಣದಲ್ಲಿ ಇಲಿಗಳು ಹೆಚ್ಚಿದಾಗ, ಅಂಗಳದಲ್ಲಿ ಹಾವು ಕಾಣಿಸಿದಾಗ, ಒಬ್ಬ ಆಳು ಒಂದು ಮುಂಗುಸಿಯ ಮರಿಯನ್ನು ತಂದು ಸಾಕಲು ಕೊಡುವನು. ಇದಕ್ಕೆ ಏನೆನ್ನುವರೆಂದು ಕೇಳಿದರೆ ತನ್ನ ಮನೆಯ ಮಾತನ್ನೇ ಹೇಳುವನು. ಯಜಮಾನನ ಪುಸ್ತಕದಲ್ಲಿದ್ದ ಗ್ರೀಕ್ ಹೆಸರೂ, ಪಂಡಿತನ ಕೋಶದಲ್ಲಿದ್ದ ಸಂಸ್ಕೃತದ ಹೆಸರೂ ಆ ಕ್ಷಣದಲ್ಲಿ ಬಾಯಿಗೆ ಬಾರವು. ಪ್ರಾಣಿಯನ್ನು ಕೈಯಲ್ಲಿ ಹಿಡಿದವನ ಮಾತೇ ನಡೆಯುವದು.

ಅಲ್ಲಿಂದ ಮುಂದೆ ಇದರ ಸಂಚಾರವು ಸುಲಭವಾಯಿತು. ಪೋರ್ತುಗೀಜರಲ್ಲಿ ಮಂಗುಸ್ತೊ, ಫ್ರೆಂಚರಲ್ಲಿ ಮಾಂಗುಸ್ತ್, ಇತಾಲಿಯವರಲ್ಲಿ ಮಂಗುಸ್ತಾ, ಸ್ಪೇನಿನವರಲ್ಲಿ ಮಂಗೋಸ್ತಾ, ಜರ್ಮನರಲ್ಲಿ ಮುಂಗೋ ಮತ್ತು ಮಂಗುಸ್ತೆ, ರಶಿಯನರಲ್ಲಿ ಮಂಗುಸ್ತ್ ಎಂದು ಇದು ರೂಪಾಂತರಗೊಂಡಿತು. ಜಪಾನೀಯರು ಇದನ್ನು ‘ಮಂಗೂಸು’ ಎನ್ನುವರು. ಪುಣೆಯ ರೈತನು ಈ ಜಪಾನೀ ಶಬ್ದವನ್ನು ಕೇಳಿದರೆ ಅರ್ಥವನ್ನು ಹೇಳಬಲ್ಲನು. ಸಾವಿರಾರು ಹರದಾರಿಗಳ ಬಳಸುದಾರಿಯಲ್ಲಿ ಅನೇಕ ನಾಲಗೆಗಳನ್ನು ದಾಟಿಯೂ ಹೆಸರು ಅಷ್ಟು ಕಡಿಮೆ ಸವೆದಿದೆ. ಆಂಗ್ಲರಲ್ಲಿ ಮಾತ್ರ ಒಂದು ವಿನೋದವು ಸಂಭವಿಸಿತು. ‘ಗೂಸ್’ ಎಂದರೆ ಅವರ ಭಾಷೆಯಲ್ಲಿ ಹೆಬ್ಬಾತು. ಪರಕೀಯವಾದ ‘ಗುಸ್’ ಎಂಬ ಕೊನೆಯ ಭಾಗವನ್ನು ತಮಗೆ ಪರಿಚಿತವಾದ ಹೆಬ್ಬಾತಿನ ಅಕ್ಷರಗಳಿಂದಲೇ ಬರೆದರು. ಇದರಿಂದ ಬಹುವಚನದಲ್ಲಿ ಸಂಕಟವಾಯಿತು. ಹೆಬ್ಬಾತಿನ ಬಹುವಚನವು ‘ಗೀಸ್’ ಎಂದಾಗುವದರಿಂದ, ಮುಂಗುಸಿಗಳನ್ನು ‘ಮಾಂಗೀಸ್’ ಎನ್ನಬೇಕೋ ಎಂಬ ಸಂದೇಹವು ಅವರ ಮಕ್ಕಳನ್ನು ಇಂದಿಗೂ ಕಾಡುವದು. ‘ಮಾಂಗೂಸಸ್’ ಎಂಬ ರೂಪವೇ ಶಿಷ್ಟಸಮ್ಮತವಾಗಿ ನಿಂತಿದೆ. ಕಿಪ್ಲಿಂಗ ಕವಿಯು ೧೮೯೪ರ ತನ್ನ ಕಥಾಸಂಗ್ರಹದಲ್ಲಿ ಹಾವುಗಳನ್ನು ಗೆದ್ದ ಮುಂಗುಸಿಯೊಂದರ ಕಥೆಯನ್ನು ಬರೆದ ಮೇಲೆ, ಈ ಪ್ರಾಣಿಯನ್ನು ಎಂದೂ ಕಾಣದ ದೇಶಗಳ ಶಿಶುಗಳಿಗೂ ಈ ಹೆಸರು ಪರಿಚಿತವಾಯಿತು.

ಪ್ರಾಣಿಯ ಹೆಸರು ಪ್ರಾಣಿಯಲ್ಲಿಯೇ ನಿಲ್ಲಲಿಲ್ಲ, ಗಿಡಕ್ಕೂ ಏರಿತು. ನಕುಲವು ಔಷಧಿಯನ್ನು ಬಲ್ಲದೆಂಬ ವೇದೋಕ್ತಿಯನ್ನು ಇಲ್ಲಿ ಸ್ಮರಿಸಬೇಕು. ಅಮರಸಿಂಹನು ವನೌಷಧಿವರ್ಗದಲ್ಲಿ ನಾಕುಲೀ, ಗಂಧನಾಕುಲೀ, ನಕುಲೇಷ್ಟಾ ಎಂಬ ಮೂಲಿಕೆಯ ಹೆಸರುಗಳನ್ನು ಕೊಟ್ಟಿರುವನು. ನಕುಲಕ್ಕೆ ಇಷ್ಟವಾದದ್ದು ನಕುಲೇಷ್ಟಾ. ಹಾವು ಕಚ್ಚಿದ ಮುಂಗುಸಿಯು ಪೊದೆಗೆ ಓಡಿ ಒಂದು ಬೇರನ್ನು ತಿಂದು ವಿಷವನ್ನು ನೀಗಿಕೊಳ್ಳುವದೆಂಬ ನಂಬಿಕೆಯು ದೇಶದಾದ್ಯಂತ ಇದ್ದಿತು. ಹೆಸರಿನೊಡನೆ ಈ ನಂಬಿಕೆಯೂ ಹಡಗನ್ನೇರಿತು. ಜರ್ಮನ್ ವೈದ್ಯನಾದ ಕೆಂಪ್ಫರ್ ಎಂಬವನು ೧೭೧೨ರಲ್ಲಿ ‘ಮುಂಗೋ ಬೇರ’ನ್ನು ವರ್ಣಿಸಿದನು. ಸಸ್ಯಶಾಸ್ತ್ರದ ಆಚಾರ್ಯನಾದ ಲಿನೇಯಸನು ೧೭೫೩ರಲ್ಲಿ ಒಂದು ಗಿಡಕ್ಕೆ ‘ಓಫಿಯೊರೈಜಾ ಮುಂಗೋಸ್’ ಎಂದು ನಾಮಕರಣ ಮಾಡಿದನು. ಮೊದಲ ಪದಕ್ಕೆ ಗ್ರೀಕಿನಲ್ಲಿ ಹಾವಿನ ಬೇರೆಂದು ಅರ್ಥ. ಎರಡನೆಯದು ನಮ್ಮ ಮುಂಗುಸಿ. ಅಹಿನಕುಲಗಳು ಪಾಣಿನಿಯ ಸಮಾಸದಲ್ಲಿ ಕೂಡಿದಂತೆ ಲಿನೇಯಸನ ನಾಮದಲ್ಲಿಯೂ ಕೂಡಿದವು! ಆದರೆ ಬೇರಿನ ಕಥೆಯು ನಿಜವಲ್ಲ. ಮುಂಗುಸಿಯ ಸ್ನಾಯುಗಳಲ್ಲಿ ನಾಗರಹಾವಿನ ವಿಷವು ತಗಲಬೇಕಾದ ಸ್ಥಾನದ ರಚನೆಯೇ ಬೇರೆಯಾಗಿರುವದರಿಂದ ವಿಷವು ಅಲ್ಲಿ ಸುಲಭವಾಗಿ ಹತ್ತುವದಿಲ್ಲವೆಂದು ೧೯೯೨ರಲ್ಲಿ ಶಾಸ್ತ್ರಜ್ಞರು ತೋರಿಸಿಕೊಟ್ಟರು. ಔಷಧಿಯು ಪೊದೆಯಲ್ಲಿಲ್ಲ, ಅದರ ದೇಹದಲ್ಲಿಯೇ ಇದೆ. ಅದರ ಚುರುಕುತನವೂ ನಿಮಿರಿದ ಕೂದಲೂ ಉಳಿದ ರಕ್ಷೆಯನ್ನು ಕೊಡುವವು.

ದೂರಕ್ಕೆ ಹೋದ ಹೆಸರು ದಾರಿ ತಪ್ಪುವದೂ ಉಂಟು. ೧೭೬೬ರಲ್ಲಿ ಲಿನೇಯಸನು ಮಡಗಾಸ್ಕರ ದ್ವೀಪಕ್ಕೆ ಸೇರಿದ, ಮರದಲ್ಲಿ ವಾಸಿಸುವ, ಕಪಿಗಳಿಗೆ ಸಮೀಪವಾದ ಒಂದು ಜೀವಿಗೆ ‘ಲೀಮರ್ ಮೊಂಗೊಜ್’ ಎಂದು ಹೆಸರಿಟ್ಟನು. ಮುಂಗುಸಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ೧೭೯೫ರಲ್ಲಿ ಫ್ರೆಂಚ್ ಶಾಸ್ತ್ರಜ್ಞರು ‘ಮುಂಗೋಸ್’ ಎಂಬ ಕುಲವನ್ನು ಕಲ್ಪಿಸಿದರು; ಇಂದು ಆ ಕುಲನಾಮವು ಆಫ್ರಿಕಾ ಖಂಡದ ಪಟ್ಟೆಯುಳ್ಳ ಮುಂಗುಸಿಗೂ ಅದರ ಸಮೀಪದ ಬಂಧುವಿಗೂ ಮಾತ್ರ ಸಲ್ಲುವದು. ನಮ್ಮ ಮುಂಗುಸಿಗಾದರೋ ‘ಹರ್ಪೆಸ್ಟಿಸ್’, ಅಂದರೆ ಹರಿದಾಡುವದು, ಎಂಬ ಗ್ರೀಕ್ ಹೆಸರು ಬಹುಕಾಲ ನಡೆಯಿತು. ಈಚಿನ ವರ್ಷಗಳಲ್ಲಿ ಏಷ್ಯದ ಮುಂಗುಸಿಗಳನ್ನು ‘ಉರ್ವ’ ಎಂಬ ಕುಲಕ್ಕೆ ಸೇರಿಸಿರುವರು. ಆ ಹೆಸರು ನೇಪಾಳದ ಕಡೆಯದು. ಮನೆಯ ಯಜಮಾನನ ಹೆಸರನ್ನು ದೂರದ ಬಂಧುವು ಧರಿಸಿ, ಯಜಮಾನನು ಬೇರೆ ಬೇರೆ ಹೆಸರುಗಳಿಂದ ಕರೆಯಲ್ಪಡುವಂತಾಯಿತು. ಯಾವದಕ್ಕೆ ಕುಲವಿಲ್ಲವೋ ಅದು ನಕುಲ ಎಂಬ ವ್ಯಾಖ್ಯಾನವು ಹೀಗೆ ಕುಲನಾಮಗಳ ವಿಷಯದಲ್ಲಿ ಅರ್ಧ ನಿಜವಾದಂತಿದೆ.

ಇಲ್ಲಿ ಇನ್ನೊಂದು ಪ್ರವಾಸವನ್ನು ಹೋಲಿಸಿ ನೋಡುವದು ಉಪಯುಕ್ತವು. ಮುಂಗುಸಿಯ ಹೆಸರು ಹೊರಡುವ ಸಾವಿರ ವರ್ಷಗಳ ಮೊದಲೇ ಮುಂಗುಸಿಯ ಕಥೆಯು ಹೊರಟಿತ್ತು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ ರಕ್ತದ ಬಾಯಿಯಿಂದ ಎದುರಿಗೆ ಬಂದ ನಕುಲವನ್ನು, ವಿಚಾರಿಸದೆ ಕೊಂದು ಆಮೇಲೆ ಗೋಳಿಟ್ಟವರ ವೃತ್ತಾಂತವು ಪಂಚತಂತ್ರದಲ್ಲಿ ಪ್ರಸಿದ್ಧವಾಗಿದೆ. ಆರನೆಯ ಶತಮಾನದಲ್ಲಿ ಪಾರಸಿಕ ದೊರೆಯಾದ ಖುಸ್ರುವಿನ ಕಾಲಕ್ಕೆ ಪಂಚತಂತ್ರವು ಪಹ್ಲವಿ ಭಾಷೆಗೆ ಹೋಯಿತು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನು ಅದನ್ನು ಅರಬ್ಬಿಗೆ ತಂದನು. ಅರಬ್ಬಿಯಲ್ಲಿ ನಕುಲವು ಆ ದೇಶದ ಬೇರೊಂದು ಸಣ್ಣ ಬೇಟೆಯ ಪ್ರಾಣಿಯಾಯಿತು; ಪಶ್ಚಿಮಕ್ಕೆ ಹೋಗುತ್ತ ಹೋಗುತ್ತ ಅದು ನಾಯಿಯಾಯಿತು. ವೇಲ್ಸ್ ದೇಶದ ಬೆಡ್‌ಗೆಲರ್ಟ್ ಎಂಬ ಹಳ್ಳಿಯಲ್ಲಿ ಗೆಲರ್ಟ್ ಎಂಬ ನಾಯಿಯ ಸಮಾಧಿಯನ್ನು ಇಂದಿಗೂ ತೋರಿಸುವರು. ಅಲ್ಲಿ ಹಾವಿನ ಸ್ಥಾನದಲ್ಲಿ ತೋಳವಿದೆ. ಗ್ರಂಥದ ದಾರಿಯಲ್ಲಿ ಹೋದ ಕಥೆಯು ನೀತಿಯನ್ನು ಉಳಿಸಿಕೊಂಡು ಪ್ರಾಣಿಯನ್ನು ಕಳೆದುಕೊಂಡಿತು. ವರ್ತಕರ ದಾರಿಯಲ್ಲಿ ಹೋದ ಹೆಸರು ತನ್ನ ರೂಪವನ್ನು ಉಳಿಸಿಕೊಂಡು ಕಥೆಯನ್ನು ಮನೆಯಲ್ಲಿಯೇ ಬಿಟ್ಟಿತು. ಕಥೆ ತಲುಪಿದಲ್ಲಿ ಮುಂಗುಸಿಯಿಲ್ಲ. ಹೆಸರು ತಲುಪಿದಲ್ಲಿ ವಿಚಾರವಿಲ್ಲ. ಈ ಅಗಲಿಕೆಯ ಫಲವು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟವಾಯಿತು.

ಹೆಸರಿನ ಹಿಂದೆ ಕೊನೆಗೆ ಪ್ರಾಣಿಯೂ ಹೊರಟಿತು. ಜಮೈಕಾ ದ್ವೀಪದ ಕಬ್ಬಿನ ತೋಟಗಳಲ್ಲಿ ಇಲಿಗಳ ಹಾವಳಿಯು ಹೆಚ್ಚಿದ್ದರಿಂದ, ಎಸ್ಪ್ಯೂಟ್ ಎಂಬ ತೋಟಗಾರನು ೧೮೭೨ರಲ್ಲಿ ಕಲ್ಕತ್ತೆಯಿಂದ ಒಂಬತ್ತು ಸಣ್ಣ ಜಾತಿಯ ಮುಂಗುಸಿಗಳನ್ನು ತರಿಸಿ ಬಿಟ್ಟನು. ಅವುಗಳಲ್ಲಿ ಗಂಡು ೪, ಹೆಣ್ಣು ೫. ಕೆಲವು ವರ್ಷಗಳಲ್ಲಿಯೇ ಅವುಗಳ ಸಂತತಿಯು ದ್ವೀಪವನ್ನೆಲ್ಲ ತುಂಬಿತು. ಇಲಿಗಳು ಮೊದಲು ಕಡಿಮೆಯಾದದ್ದನ್ನು ಕಂಡು ನೆರೆಯ ದ್ವೀಪದವರೂ ಮುಂಗುಸಿಗಳನ್ನು ಕೊಂಡುಹೋದರು. ೧೮೮೩ರಲ್ಲಿ ಜಮೈಕಾದಿಂದಲೇ ೭೨ ಮುಂಗುಸಿಗಳು ಶಾಂತಸಾಗರದ ಹವಾಯಿ ದ್ವೀಪಕ್ಕೆ ಹೋದವು. ಆದರೆ ಇಲಿಯು ಹೆಚ್ಚಾಗಿ ರಾತ್ರಿಯಲ್ಲಿ ತಿರುಗುವದು, ಮುಂಗುಸಿಯು ಹಗಲಿನಲ್ಲಿ ತಿರುಗುವದು. ಹೊಟ್ಟೆಗಾಗಿ ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನೂ ಹಲ್ಲಿ ಓತಿಗಳನ್ನೂ ಕೋಳಿಮರಿಗಳನ್ನೂ ಹಿಡಿಯತೊಡಗಿತು. ತಲೆತಲಾಂತರದಿಂದ ಇಂಥ ಶತ್ರುವನ್ನೇ ಕಾಣದ ಆ ದ್ವೀಪಗಳ ಜೀವಿಗಳಿಗೆ ಓಡಿ ಬದುಕುವ ಅಭ್ಯಾಸವಿದ್ದಿಲ್ಲ. ಅವುಗಳಿಗೆ ಘೋರವಾದ ಹಾನಿಯಾಯಿತು.

ಅಮೆರಿಕ ಸಂಯುಕ್ತ ಸಂಸ್ಥಾನಗಳು ೧೯೦೦ರಲ್ಲಿ ಮಾಡಿದ ಲೇಸೀ ಕಾಯಿದೆಯಲ್ಲಿ, ದೇಶದೊಳಗೆ ತರಬಾರದೆಂದು ಹೆಸರಿಸಿದ ಕೆಲವೇ ಪ್ರಾಣಿಗಳಲ್ಲಿ ಮುಂಗುಸಿಯೂ ಒಂದು. ದಖ್ಖನದ ಹೊಲದ ಮಾತು ಒಂದು ಮಹಾರಾಷ್ಟ್ರದ ಕಾನೂನಿನಲ್ಲಿ ನಿಷೇಧವಾಗಿ ಬರೆಯಲ್ಪಟ್ಟಿತು! ಹವಾಯಿಯ ಜನರು ಆಂಗ್ಲಶಬ್ದವನ್ನು ತಮ್ಮ ಅಲ್ಪಸಂಖ್ಯೆಯ ವ್ಯಂಜನಗಳಿಗೆ ಒಗ್ಗಿಸಿ ‘ಮನಕುಕೆ’ ಎಂದರು. ಇಲಿಯೆಂಬ ಅರ್ಥದ ತಮ್ಮ ಶಬ್ದವನ್ನು ಮುಂದಿಟ್ಟು ‘ಇಯೊಲೆ ಮನಕುಕೆ’ ಎಂದೂ ಹೇಳುವರು. ಇಲಿಯನ್ನು ಕೊಲ್ಲಲು ಬಂದದ್ದೇ ಇಲಿಯೆಂದು ಕರೆಯಲ್ಪಟ್ಟಿತು. ಜಪಾನಿನವರು ಹಾಬು ಎಂಬ ವಿಷಸರ್ಪವನ್ನು ನಿಗ್ರಹಿಸುವ ಆಸೆಯಿಂದ ೧೯೧೦ರಲ್ಲಿ ಓಕಿನಾವಾ ದ್ವೀಪಕ್ಕೂ, ಅಲ್ಲಿಂದ ೧೯೭೯ರಲ್ಲಿ ಅಮಾಮಿ ದ್ವೀಪಕ್ಕೂ ಮುಂಗುಸಿಗಳನ್ನು ಒಯ್ದು ಬಿಟ್ಟರು. ಹಾಬು ಸರ್ಪವೂ ರಾತ್ರಿಂಚರವೇ. ಮುಂಗುಸಿಯು ಅದನ್ನು ಬಿಟ್ಟು, ಲೋಕದಲ್ಲಿ ಬೇರೆಲ್ಲಿಯೂ ದುರ್ಲಭವಾದ ಅಮಾಮಿಯ ಕಪ್ಪು ಮೊಲಗಳ ಮೇಲೆ ಬಿದ್ದಿತು. ಜಪಾನಿನ ಸರಕಾರವು ಬಹುವರ್ಷಗಳ ಪ್ರಯಾಸದಿಂದ ಅವುಗಳನ್ನು ಹಿಡಿದು, ಅಮಾಮಿಯಲ್ಲಿ ಮುಂಗುಸಿಯು ನಿಃಶೇಷವಾಯಿತೆಂದು ೨೦೨೪ರಲ್ಲಿ ಸಾರಿತು. ತರುವದಕ್ಕೆ ಒಂದು ದಿನ, ತೆಗೆಯುವದಕ್ಕೆ ಒಂದು ತಲೆಮಾರು ಹಿಡಿಯಿತು.

ಇದರಲ್ಲಿ ಪ್ರಾಣಿಯ ಅಪರಾಧವೇನೂ ಇಲ್ಲ. ನಮ್ಮ ಹೊಲದಲ್ಲಿ ಮಾಡುವದನ್ನೇ ಅದು ಅಲ್ಲಿಯೂ ಮಾಡಿತು. ಅದನ್ನು ಒಯ್ದವರು ‘ಮುಂಗುಸಿ’ ಎಂಬ ಹೆಸರನ್ನು ಬಲ್ಲವರಾಗಿದ್ದರು. ಹಾವು ಇಲಿಗಳ ವೈರಿಯೆಂಬ ಅದರ ಕೀರ್ತಿಯನ್ನು ಕೇಳಿದ್ದರು. ಆದರೆ ಅದು ಯಾವ ಹೊತ್ತಿನಲ್ಲಿ ತಿರುಗುವದು, ಏನನ್ನು ತಿನ್ನುವದು, ಯಾವದರಿಂದ ಅದಕ್ಕೆ ಮಿತಿಯುಂಟಾಗುವದು ಎಂಬದನ್ನು ಬಲ್ಲವನು ಆ ಹೆಸರನ್ನು ಮೊದಲು ಉಚ್ಚರಿಸಿದ ರೈತನೇ. ಹೆಸರನ್ನು ಅವನಿಂದ ಪಡೆದವರು ಅವನ ತಿಳಿವಳಿಕೆಯನ್ನು ಕೇಳಿ ಪಡೆಯಲಿಲ್ಲ. ಪಂಚತಂತ್ರದ ದಂಪತಿಗಳು ವಿಚಾರಿಸದೆ ಮುಂಗುಸಿಯನ್ನು ಕೊಂದರು. ಇವರು ವಿಚಾರಿಸದೆ ಮುಂಗುಸಿಯಿಂದ ಕೊಲ್ಲಿಸಿದರು. ಎರಡು ಕಡೆಗಳಲ್ಲಿಯೂ ದೋಷವು ಒಂದೇ.

ಇದರಿಂದ ಎರಡು ಅಂಶಗಳು ನಿಷ್ಪನ್ನವಾಗುವವು. ದೇಶ್ಯಶಬ್ದಗಳನ್ನು ಗ್ರಾಮ್ಯವೆಂದು ಹಗುರಾಗಿ ಎಣಿಸಬಾರದೆಂಬದು ಮೊದಲನೆಯದು. ನಕುಲಕ್ಕೆ ವೇದದ ಬಲವೂ ವ್ಯಾಕರಣದ ಬಲವೂ ಇದ್ದವು. ಇಕ್ನ್ಯೂಮೋನಿಗೆ ಯವನಾಚಾರ್ಯರ ಬಲವಿತ್ತು. ಮುಂಗುಸಿಗೆ ಯಾವ ಶಾಸ್ತ್ರದ ಬಲವೂ ಇದ್ದಿಲ್ಲ. ಆದರೂ ಲೋಕವು ಅದನ್ನೇ ಸ್ವೀಕರಿಸಿತು. ಎರಡನೆಯದೇನೆಂದರೆ, ಶಬ್ದವನ್ನು ಸಂಗ್ರಹಿಸುವವರು ಅದರ ಸಂ​ಗಡ ಅದನ್ನಾಡುವ ಜನರ ಅನುಭವವನ್ನೂ ಸಂಗ್ರಹಿಸಬೇಕು. ನಮ್ಮ ಹಳ್ಳಿಗಳಲ್ಲಿ ಹಕ್ಕಿ, ಹುಳ, ಬಳ್ಳಿ, ಬೇರುಗಳಿಗೆ ಇಂಥ ನೂರಾರು ಹೆಸರುಗಳಿರುವವು. ಅವುಗಳನ್ನು ಬಲ್ಲ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿರುವರು. ಒಂದೊಂದು ಹೆಸರಿನ ಹಿಂದೆ ಆ ಜೀವಿಯ ಹೊತ್ತು, ಆಹಾರ, ಮಿತಿಗಳ ತಿಳಿವಳಿಕೆಯು ಗಂಟುಕಟ್ಟಿಕೊಂಡಿದೆ. ನಮ್ಮ ಪಾಠಶಾಲೆಗಳ ವಿದ್ಯಾರ್ಥಿಗಳು ಅಮರಕೋಶವನ್ನು ಕಂಠಪಾಠ ಮಾಡುವಂತೆಯೇ, ತಮ್ಮ ತಮ್ಮ ಊರಿನ ಈ ಮಾತುಗಳನ್ನೂ ಹಿರಿಯರಿಂದ ಕೇಳಿ, ಅರ್ಥದೊಡನೆಯೂ ಅನುಭವದೊಡನೆಯೂ ಬರೆದಿಡುವದಾದರೆ, ಅದು ಕೋಶಕ್ಕೂ ಲೋಕಕ್ಕೂ ಉಪಕಾರವಾಗುವದರಲ್ಲಿ ಸಂದೇಹವಿಲ್ಲ.